ಎರಡು ಕೆಂಪು ಪ್ಲೇಟುಗಳು

ಹದಿನಾಲ್ಕನೆಯ ಸಾಲನ್ನು ಎತ್ತಿದಾಗ ಗೋಡೆಯೊಳಗಿನ ಗೂಡು ಕಾಣಿಸಿತು. ಹೆಬ್ಬೆರಳಿನ ಉಗುರಿನಷ್ಟು ಅಗಲ, ಮೊಬೈಲಿನ ಮೆಮೊರಿ ಕಾರ್ಡೊಂದನ್ನು ನಿಲ್ಲಿಸಿಡಲು ಸಾಕಾಗುವಷ್ಟು ಆಳ. ಗೂಡು ಖಾಲಿಯಾಗಿತ್ತು.

ಧಾರಿಣಿ ಟಾರ್ಚ್ ಹಿಡಿದು ಎರಡು ಸಲ ನೋಡಿದಳು. ಆಮೇಲೆ ಕೈಯಲ್ಲಿದ್ದ ಪ್ಲಾಸ್ಟಿಕ್ ಇಟ್ಟಿಗೆಗಳ ಸಾಲನ್ನು ಊಟದ ಮೇಜಿನ ಮೇಲಿಟ್ಟು ಕುಳಿತುಬಿಟ್ಟಳು.

ಅವಳ ಗಂಡ ಕಿರಣ್ ಜೈಲಿಗೆ ಹೋಗಿ ಅಂದಿಗೆ ಎಪ್ಪತ್ತೆರಡು ದಿನ. ಅವನು ಸೈಟ್ ಎಂಜಿನಿಯರ್ ಆಗಿದ್ದ ಗುರುಗ್ರಾಮದ ವಸತಿ ಗೋಪುರದಲ್ಲಿ ಒಂಬತ್ತನೆಯ ಮಹಡಿಯ ಬಾಲ್ಕನಿ ಕುಸಿದು ಇಬ್ಬರು ಕೂಲಿಗಳು ಸತ್ತಿದ್ದರು. ಕಾಂಕ್ರೀಟಿಗೆ ಆಸರೆಯಾಗಿ ನಿಲ್ಲಿಸಿದ್ದ ಜಾಕಿಗಳನ್ನು ಐದೇ ದಿನಕ್ಕೆ ತೆಗೆದದ್ದು ಕಾರಣ. ತೆಗೆಯಲು ಕಿರಣ್ ಬಾಯಿಮಾತಿನಲ್ಲಿ ಹೇಳಿದ ಎಂದು ಗುತ್ತಿಗೆದಾರ. ಆ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದೆ, ನನ್ನನ್ನು ಯಾರೂ ಕೇಳಿಯೇ ಇಲ್ಲ ಎಂದು ಕಿರಣ್. ಸೈಟಿನ ಫೈಲು ಕಾಣೆಯಾಗಿತ್ತು. ಬೇಲು ಅರ್ಜಿಯ ವಿಚಾರಣೆ ಮರುದಿನ ಬೆಳಿಗ್ಗೆ ಹತ್ತೂವರೆಗೆ.

ಜ್ವರ ಬಿಟ್ಟು ಸೈಟಿಗೆ ಹೋದ ದಿನ ತಾನು ಫೋಟೋ ತೆಗೆದೆನೆಂದು ಕಿರಣ್ ಪೊಲೀಸರಿಗೆ ಹೇಳಿದ್ದ. ಆದರೆ ಅವರು ವಶಪಡಿಸಿಕೊಂಡ ಫೋನಿನಲ್ಲಿ ಕಾರ್ಡ್ ಇರಲಿಲ್ಲ. ಕಾರ್ಡ್ ಎಲ್ಲಿ ಎಂದು ಕೇಳಿದರೆ ಅವನದು ಮೌನ. ಕಳೆದ ಗುರುವಾರ ಜೈಲಿನಲ್ಲಿ ಭೇಟಿಯಾದಾಗ ಹೆಂಡತಿಗೆ ಹೇಳಿದ್ದು ಒಂದೇ ಮಾತು: ಆ ಕ್ವಾರ್ಟರ್ಸ್ ಮಾಡೆಲನ್ನು ಯಾರಿಗೂ ಕೊಡಬೇಡ.

ಅಷ್ಟರಲ್ಲಿ ಅವಳು ಅದನ್ನು ಪ್ರದರ್ಶನವೊಂದಕ್ಕೆ ಕೊಟ್ಟೂ ಆಗಿತ್ತು, ಅದು ವಾಪಸು ಬಂದೂ ಆಗಿತ್ತು.

ಮೇಜಿನ ಆಚೆ ಬದಿಯಲ್ಲಿದ್ದವರು, ಕಾರ್ಡ್ ಹುಡುಕಲು ಧಾರಿಣಿ ಮನೆಗೆ ಕರೆಸಿದ್ದ ಚಂದ್ರಪ್ರಭಾ. ಐವತ್ತಾರು ವರ್ಷ. ವಿಮಾ ಕಂಪನಿಗಳಿಗೆ ನಷ್ಟ ಅಳೆಯುವ ಸರ್ವೇಯರ್ ಆಗಿ ಇಪ್ಪತ್ತೆಂಟು ವರ್ಷ ದುಡಿದು, ಈಗ ದಿಲ್ಲಿಯ ಪೀತಮ್‌ಪುರಾದ ಮನೆಯಿಂದಲೇ ಖಾಸಗಿ ತನಿಖೆ ಮಾಡುತ್ತಿದ್ದರು. ಸುಟ್ಟ ಗೋದಾಮು, ಜಜ್ಜಿದ ಲಾರಿ ನೋಡಿದ್ದವರು. ಆಟಿಕೆಯ ಇಟ್ಟಿಗೆ ಅವರಿಗೆ ಹೊಸದು.

ನಾಲ್ಕು ದಿನಗಳಿಂದ ಅವರು ಈ ಹವ್ಯಾಸದ ಮಾತುಗಳನ್ನು ಸಣ್ಣ ಪುಸ್ತಕವೊಂದರಲ್ಲಿ ಬರೆದುಕೊಳ್ಳುತ್ತಿದ್ದರು. ಇಟ್ಟಿಗೆಯ ಮೇಲಿನ ಗುಂಡಿಯಂಥ ಉಬ್ಬು ಸ್ಟಡ್. ಇಟ್ಟಿಗೆಯ ಮೂರನೆಯ ಒಂದು ಭಾಗ ದಪ್ಪವಿರುವ ಹಲಗೆ ಪ್ಲೇಟ್. ಒಂದಕ್ಕೊಂದು ಕಚ್ಚಿಕೊಳ್ಳುವ ಬಿಗಿ ಕ್ಲಚ್. ಡಬ್ಬಿಯೊಳಗಿನ ಸೂಚನೆ ನೋಡದೆ ಸ್ವಂತವಾಗಿ ಯೋಚಿಸಿ ಕಟ್ಟಿದ್ದು ಮಾಕ್. ದೊಡ್ಡವರಾದ ಮೇಲೆ ಇಟ್ಟಿಗೆ ಮುಟ್ಟದೆ ಕಳೆದ ವರ್ಷಗಳಿಗೆ ಡಾರ್ಕ್ ಏಜ್. ಕಿರಣ್‌ನ ಡಾರ್ಕ್ ಏಜ್ ಹದಿಮೂರು ವರ್ಷದ್ದು ಎಂದು ಧಾರಿಣಿ ಹೇಳಿದ್ದಳು. ಮದುವೆಯಾದ ವರ್ಷ ಮುಗಿಯಿತಂತೆ.

ಅವನ ಮಾಕ್ ಆರ್.ಕೆ.ಪುರಂನ ಒಂದು ಸರ್ಕಾರಿ ಕ್ವಾರ್ಟರ್ಸ್. ಮೂರು ಅಂತಸ್ತು, ಎರಡೂವರೆ ಅಡಿ ಉದ್ದ, ಕಿಟಕಿಗೊಂದು ಕೂಲರ್, ತಾರಸಿಯ ಮೇಲೆ ನೀರಿನ ಟ್ಯಾಂಕುಗಳ ಸಾಲು. ಹೊರಗೋಡೆಯೆಲ್ಲ ತಿಳಿಗಂದು. ಒಳಗೆ ಮಾತ್ರ ಹಸಿರು, ನೀಲಿ, ಗುಲಾಬಿ, ಕಿತ್ತಳೆ, ಸಿಕ್ಕ ಸಿಕ್ಕ ಬಣ್ಣ.

ಇದೇನು, ಯಾರೋ ಬದಲಾಯಿಸಿದ್ದಾರೆಯೇ ಎಂದು ಚಂದ್ರಪ್ರಭಾ ಕೇಳಿದರು. ಇಲ್ಲ, ಎಲ್ಲರೂ ಹೀಗೇ ಕಟ್ಟುತ್ತಾರೆ ಎಂದಳು ಧಾರಿಣಿ. ಬೇಕಾದ ಬಣ್ಣ ಸಿಗುವುದು ಕಷ್ಟ. ಸಿಕ್ಕದ್ದು ಹೊರಗೆ ಕಾಣುವ ಕಡೆಗೆ, ಬೇಡದ್ದೆಲ್ಲ ಗೋಡೆಯ ಹೊಟ್ಟೆಗೆ.

"ಹಾಗಾದರೆ ಈ ಬೂದು ತುಂಡುಗಳು?"

ಗೂಡಿನ ಎರಡೂ ಪಕ್ಕಕ್ಕೆ ಎಲ್ ಅಕ್ಷರದಂತೆ ಮಡಿಸಿದ ಎರಡು ಬೂದು ತುಂಡುಗಳಿದ್ದವು. ಹೊರಗಿನ ಕೂಲರ್ ಅವುಗಳ ಆಧಾರದ ಮೇಲೆ ಗೋಡೆಗೆ ಅಂಟಿ ನಿಂತಿತ್ತು. ಧಾರಿಣಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ.

ಚಂದ್ರಪ್ರಭಾಗೆ ಕಂಡಿತು. ನಷ್ಟಕ್ಕೆ ಮೊದಲಿನ ಚಿತ್ರ, ನಂತರದ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಅವರ ಹಳೆಯ ಕಸುಬು. ಹಿಂದಿನ ದಿನವೇ ಧಾರಿಣಿಯ ಫೋನಿನಿಂದ ಈ ಮಾಡೆಲ್‌ನ ಅಷ್ಟೂ ಫೋಟೋ ತರಿಸಿಕೊಂಡಿದ್ದರು. ಫೆಬ್ರವರಿಯದೊಂದರಲ್ಲಿ ಕಿರಣ್ ಅರ್ಧ ಕಟ್ಟಿದ ಇದೇ ಗೋಡೆಯ ಹಿಂದೆ ಕುಳಿತು ನಗುತ್ತಿದ್ದ. ಅತ್ತೆಗೆ ಕಳಿಸಲು ಧಾರಿಣಿ ತೆಗೆದದ್ದು. ಅದನ್ನು ಬೆರಳಿನಿಂದ ಹಿಗ್ಗಿಸಿದರು.

ಇದೇ ಜಾಗದಲ್ಲಿ ಅಂದು ಬೂದು ತುಂಡುಗಳಿರಲಿಲ್ಲ. ಎರಡು ಕೆಂಪು ಪ್ಲೇಟುಗಳು ಸ್ಟಡ್‌ಗಳ ನಡುವಿನ ಸಂದಿಯಲ್ಲಿ ನೆಟ್ಟಗೆ ನಿಂತಿದ್ದವು.

"ನಿಮ್ಮವರು ಆಮೇಲೆ ಬದಲಾಯಿಸಿದರಾ?"

ಇಲ್ಲ ಎಂದಳು ಧಾರಿಣಿ. ಫೆಬ್ರವರಿಯಲ್ಲೇ ಗೋಡೆ ಮುಗಿದಿತ್ತು. ಮತ್ತೆ ಇದರ ಮುಂದೆ ಕೂತದ್ದು ಒಂದೇ ಸಂಜೆ, ಬಾಲ್ಕನಿ ಬೀಳುವ ಹಿಂದಿನ ದಿನ. ಹತ್ತು ನಿಮಿಷ ಇರಬಹುದು. ಇಟ್ಟಿಗೆಯ ಡಬ್ಬಿಗಳನ್ನು ತೆಗೆದಿರಲಿಲ್ಲ.

ಅಂದರೆ ಕಿರಣ್ ಕಾರ್ಡ್ ಇಟ್ಟು ಮುಚ್ಚಿದ ಮೇಲೆ ಬೇರೆ ಯಾರೋ ಗೋಡೆ ಬಿಚ್ಚಿದ್ದಾರೆ. ಕಾರ್ಡ್ ತೆಗೆದಿದ್ದಾರೆ. ಮತ್ತೆ ಸಾಲಿಗೆ ಸಾಲು ಕೂಡಿಸಿದ್ದಾರೆ. ಹೊರಗಿನಿಂದ ನೋಡಿದರೆ ಒಂದು ಇಟ್ಟಿಗೆಯೂ ಆಚೀಚೆ ಇಲ್ಲ. ಕಳವು ಮಾಡಲು ಬಂದವರಿಗೆ ಈ ಎರಡು ಕೆಂಪು ಪ್ಲೇಟು ಮಾತ್ರ ಏಕೆ ಬೇಡವಾಯಿತು?

ಮಾಲ್ ಒಂದರಲ್ಲಿ ನಡೆದ ಹವ್ಯಾಸಿಗಳ ಪ್ರದರ್ಶನಕ್ಕಾಗಿ ಮಾಡೆಲ್ ಮನೆಯಿಂದ ಹೊರಗಿದ್ದ ಒಂಬತ್ತು ದಿನಗಳಲ್ಲಿ ಅದನ್ನು ಮುಟ್ಟಿದವರು ಮೂವರು. ಮೂವರೂ ಕಿರಣ್‌ನ ಇಟ್ಟಿಗೆ ಹವ್ಯಾಸದ ಬಳಗದವರು. ನೋಯ್ಡಾದ ಸಾಫ್ಟ್‌ವೇರ್ ಕಚೇರಿಯ ಸಿಂಧೂರ. ಬಿಡಿ ಇಟ್ಟಿಗೆ ಮಾರುವ ವರುಣ್. ಹೌಜ್ ಖಾಸ್‌ನಲ್ಲಿ ಮನೆ ಮಾಡಿಕೊಂಡಿರುವ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅಳತೆಶಾಸ್ತ್ರ ಕಲಿಸುವ ಶ್ರೀವತ್ಸ.

ಚಂದ್ರಪ್ರಭಾ ಸಿಂಧೂರಳಿಗೆ ಎರಡೂ ಚಿತ್ರ ಕಳಿಸಿ, ಸ್ಪೀಕರಿನಲ್ಲಿ ಫೋನ್ ಹಚ್ಚಿದರು. ಎಲ್ಲಿಯ ಚಿತ್ರ ಎಂದು ಹೇಳಲಿಲ್ಲ.

"ಅಚ್ಛಾ, ಇದು ಇಲ್ಲೀಗಲ್ ಆಂಟಿ," ಎಂದಳು ಸಿಂಧೂರ. ಅವಳು ಹುಟ್ಟಿ ಬೆಳೆದದ್ದು ದಿಲ್ಲಿಯಲ್ಲೇ. "ಪೊಲೀಸ್ ವಾಲಾ ಇಲ್ಲೀಗಲ್ ಅಲ್ಲ. ನಮ್ಮ ಇಲ್ಲೀಗಲ್."

ಅವಳು ವಿವರಿಸಿದಳು. ಸ್ಟಡ್‌ಗಳ ನಡುವಿನ ಸಂದಿಗೂ ಪ್ಲೇಟಿನ ದಪ್ಪಕ್ಕೂ ಕೂದಲೆಳೆಯ ವ್ಯತ್ಯಾಸ. ಒತ್ತಿದರೆ ಹೋಗುತ್ತದೆ, ನಿಲ್ಲುತ್ತದೆ. ಆದರೆ ಇಟ್ಟಿಗೆಯ ಮೇಲೆ ಒತ್ತಡ ಬೀಳುತ್ತದೆ. ಇಟ್ಟಿಗೆ ಮಾಡುವ ಕಂಪನಿ ತನ್ನ ಸ್ವಂತ ವಿನ್ಯಾಸಗಾರರಿಗೇ ಇಂಥ ಜೋಡಣೆ ಬೇಡ ಎನ್ನುತ್ತದೆ. ಆ ಬೂದು ತುಂಡಿನ ಹೆಸರು ಬ್ರಾಕೆಟ್. ಅದನ್ನು ಹಾಕಿದರೆ ಒತ್ತಡವಿಲ್ಲ, ಅದು ಸರಿಯಾದ ದಾರಿ.

"ನೀನು ಕಂಡಿದ್ದರೆ ಬದಲಾಯಿಸುತ್ತಿದ್ದೆಯಾ?"

"ನಾನ್ಯಾಕೆ? ನಂದ್ರಲ್ಲಿ ಅರ್ಧ ಇಲ್ಲೀಗಲ್ಲೇ. ವರುಣ್ ಭಯ್ಯಾ ಅಂತೂ ಅಂಗಡಿ ಮಾಡೆಲ್‌ಗೆ ಗೋಂದೇ ಹಚ್ತಾನೆ. ಇದನ್ನ ನೋಡಿ ಸುಮ್ನೆ ಇರೋಕಾಗದವರು ನಮ್ಮಲ್ಲಿ ಒಬ್ರೇ..."

ಮಾತು ಅಲ್ಲಿಗೇ ನಿಂತಿತು. ಯಾಕೆ ಆಂಟಿ, ಏನಾಯಿತು ಎಂದು ಅವಳು ಕೇಳುವಷ್ಟರಲ್ಲಿ ಚಂದ್ರಪ್ರಭಾ ಧನ್ಯವಾದ ಹೇಳಿ ಫೋನ್ ಇಟ್ಟರು. ನಂತರ ಕಿರಣ್‌ನ ಡಬ್ಬಿಗಳಿಂದ ಎರಡು ಕೆಂಪು ಪ್ಲೇಟುಗಳನ್ನು ಹುಡುಕಿ ಪರ್ಸಿನಲ್ಲಿ ಹಾಕಿಕೊಂಡರು.

ಧಾರಿಣಿ ತಾನೂ ಬರುತ್ತೇನೆಂದಳು. ಬೇಡವೆನ್ನಲು ಕಾರಣವಿರಲಿಲ್ಲ. ಮಾಡೆಲ್ ಇದ್ದ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಆಟೋದಲ್ಲಿ ಕೂತಳು.

ಶ್ರೀವತ್ಸ ನಲವತ್ತೈದರ ಸುಮಾರಿನ ಸಣಕಲು ಮನುಷ್ಯ. ಇಬ್ಬರಿಗೂ ಕಾಫಿ ತಂದಿಟ್ಟು ತಾನೂ ಒಂದು ಲೋಟ ಹಿಡಿದ. ಹಾಸನದಿಂದ ತಂಗಿ ಕಳಿಸಿದ ಪುಡಿ ಎಂದ. ಮಧ್ಯಾಹ್ನದ ಬಿಸಿಲು ಬೀಳುತ್ತಿದ್ದ ಕೋಣೆಯ ಒಂದು ಗೋಡೆಯ ತುಂಬ ಸಣ್ಣ ಸಣ್ಣ ಡ್ರಾಯರುಗಳು. ಪ್ರತಿಯೊಂದಕ್ಕೂ ಚೀಟಿ: ಆಕಾರ, ಅಳತೆ, ಬಣ್ಣ. ಮೇಜಿನ ಮೇಲೆ ಅಳತೆಯ ಕ್ಯಾಲಿಪರ್.

ಕಿರಣ್ ವಿಷಯ ಕೇಳಿದ. ವಿಚಾರಣೆ ನಾಳೆ ಎಂಬುದು ಅವನಿಗೆ ಗೊತ್ತಿತ್ತು. ಮಾಡೆಲ್ ಬಗ್ಗೆ ಚಂದ್ರಪ್ರಭಾ ಕೇಳಿದ್ದಕ್ಕೆ ಉತ್ತರ ಸರಾಗವಾಗಿ ಬಂತು. ಪ್ರದರ್ಶನಕ್ಕೆ ಮೊದಲು ಆರು ದಿನ ಅದು ಇದೇ ಕೋಣೆಯಲ್ಲಿತ್ತು. ಧೂಳು ಒರೆಸಿದ್ದು ನಿಜ. ಬಿಚ್ಚಲಿಲ್ಲ. ಇನ್ನೊಬ್ಬರ ಮಾಕ್ ಬಿಚ್ಚುವುದು ತಮ್ಮಲ್ಲಿ ಮರ್ಯಾದೆಯಲ್ಲ.

"ಹಾಗಾದರೆ ನಿಮ್ಮ ಸಹಾಯ ಬೇಕು, ಸರ್," ಎಂದರು ಚಂದ್ರಪ್ರಭಾ.

ಅವರು ಪೆಟ್ಟಿಗೆಯಿಂದ ಮಾಡೆಲ್ ತೆಗೆದು ಮೇಜಿನ ಮೇಲಿಟ್ಟರು. ಬಿಚ್ಚಿದ ಸಾಲುಗಳನ್ನು ಪಕ್ಕಕ್ಕೆ ಜೋಡಿಸಿದರು. ಯಾರೋ ಇದರೊಳಗೆ ಕೈಯಾಡಿಸಿದ್ದಾರೆ, ಕಿರಣ್ ಕಟ್ಟಿದ್ದ ಹಾಗೇ ಮತ್ತೆ ಕೂಡಿಸಿ ವಕೀಲರಿಗೆ ತೋರಿಸಬೇಕು ಎಂದರು. ಫೆಬ್ರವರಿಯ ಫೋಟೋವನ್ನು ಅವನ ಮುಂದಿಟ್ಟರು. ಎರಡು ಬೂದು ಬ್ರಾಕೆಟ್‌ಗಳನ್ನು ಉಗುರಿನಿಂದ ಕಿತ್ತರು. ಪರ್ಸಿನಿಂದ ಕೆಂಪು ಪ್ಲೇಟ್ ತೆಗೆದು ಸ್ಟಡ್‌ಗಳ ಸಂದಿಗೆ ಹಿಡಿದರು.

ಶ್ರೀವತ್ಸ ಕಾಫಿ ಲೋಟ ಕೆಳಗಿಟ್ಟ.

ಪ್ಲೇಟ್ ಹೋಗಲಿಲ್ಲ. ಚಂದ್ರಪ್ರಭಾ ಹೆಬ್ಬೆರಳನ್ನು ಇನ್ನೂ ಒತ್ತಿದರು. ಸಣ್ಣದೊಂದು ಚಟ್ ಸದ್ದಾಯಿತು, ಪ್ಲೇಟಿನ ಮೂಲೆ ಒಳಗೆ ಸರಿಯಿತು. ಅವರು ತಲೆಯೆತ್ತದೆ ಎರಡನೆಯದನ್ನು ಕೈಗೆತ್ತಿಕೊಂಡರು.

"ಸ್ವಲ್ಪ ಓರೆ ಆಯಿತೋ ಏನೋ," ಎಂದರು. "ಪರವಾಗಿಲ್ಲ, ಗುದ್ದಿದರೆ ಕೂರುತ್ತೆ."

ಅವರು ಅಂಗೈ ಎತ್ತುವಷ್ಟರಲ್ಲಿ ಶ್ರೀವತ್ಸ ಅವರ ಮಣಿಕಟ್ಟು ಹಿಡಿದಿದ್ದ.

"ಹಾಗೆ ಒತ್ತಬೇಡಿ ಮೇಡಂ. ಕೆಳಗಿನ ಇಟ್ಟಿಗೆ ಆಗಲೇ ಬೆಳ್ಳಗಾಗಿತ್ತು, ಬಿರಿಯೋದರಲ್ಲಿತ್ತು. ಅದಕ್ಕೇ ನಾನು ತೆಗೆದದ್ದು."

ಹೇಳಿಬಿಟ್ಟ ಮೇಲೆ ಅವನು ಕೈ ಬಿಟ್ಟ. ಧಾರಿಣಿ ಅವನನ್ನು ನೋಡಿದಳು. ಅವನು ಕೆಂಪು ಪ್ಲೇಟನ್ನು ನೋಡುತ್ತಿದ್ದ. ಇಟ್ಟಿಗೆ ಕೀಳುವ ಚಪ್ಪಟೆ ಕೀಲಿಯೊಂದನ್ನು ಮೇಜಿನಿಂದ ತೆಗೆದು, ಓರೆಯಾಗಿ ಕೂತ ಪ್ಲೇಟನ್ನು ನಿಧಾನವಾಗಿ ಬಿಡಿಸಿ ಪಕ್ಕಕ್ಕಿಟ್ಟ.

ಕೂಲರಿನ ಹಿಂದಿನ ಗೋಡೆ ಒಂಚೂರು ಉಬ್ಬಿದ್ದು ಕಂಡಿತಂತೆ. ಪ್ರದರ್ಶನದಲ್ಲಿ ಎರಡು ದಿನ ದೀಪದ ಬಿಸಿಗೆ ನಿಂತರೆ ಇಟ್ಟಿಗೆ ಸೀಳಬಹುದು. ಕಿರಣ್ ಜೈಲಿನಲ್ಲಿರುವಾಗ ಅವನ ಮಾಡೆಲ್ ತನ್ನ ಕೈಯಲ್ಲಿ ಒಡೆಯಬಾರದು ಎಂದು ಬಿಚ್ಚಿದ. ಗೂಡಿನಲ್ಲಿ ಕಾರ್ಡ್ ಸಿಕ್ಕಿತು.

"ಸಿಕ್ಕಿದ್ದನ್ನು ಧಾರಿಣಿಗೆ ಕೊಡಬಹುದಿತ್ತಲ್ಲ, ಸರ್. ಅದರ ಮೇಲೆ ಅವರ ಗಂಡನ ಬೇಲು ನಿಂತಿದೆ."

"ನೋಡಿದ ಮೇಲೆ ಕೊಡೋಕಾಗಲಿಲ್ಲ."

ಕದ್ದದ್ದಲ್ಲ, ಬಚ್ಚಿಟ್ಟದ್ದು ಎಂದ. ಯಾರಿಗಾಗಿ ಎಂದು ಚಂದ್ರಪ್ರಭಾ ಕೇಳಿದರು. ಕಿರಣ್‌ಗಾಗಿ ಎಂದ.

ಅವನು ಎದ್ದು, ಎಡದಿಂದ ಮೂರನೆಯ ಸಾಲಿನ ಡ್ರಾಯರೊಂದನ್ನು ಎಳೆದ. ಪಾರದರ್ಶಕ ಚೌಕಗಳು ಎಂದು ಅದರ ಚೀಟಿಯಲ್ಲಿತ್ತು. ಚೌಕಗಳ ಕೆಳಗಿನಿಂದ ಕಪ್ಪು ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದ.

ಒಟ್ಟು ಇಪ್ಪತ್ಮೂರು ಫೋಟೋಗಳಿದ್ದವು. ಎಲ್ಲವೂ ಸೆಪ್ಟೆಂಬರ್ ಹನ್ನೊಂದರವು, ಬಾಲ್ಕನಿ ಬೀಳುವ ಹಿಂದಿನ ದಿನದವು. ಮೊದಲ ಇಪ್ಪತ್ತೆರಡರಲ್ಲಿ ಒಂಬತ್ತನೆಯ ಮಹಡಿ. ಜಾಕಿಗಳಿಲ್ಲದ ಬಾಲ್ಕನಿ, ಮೂಲೆಯಲ್ಲಿ ಅಡ್ಡ ಮಲಗಿಸಿದ ಜಾಕಿಗಳು, ತೊಲೆಯ ಬುಡದಲ್ಲಿ ಎದ್ದ ಬಿರುಕು, ಬಿರುಕಿನ ಪಕ್ಕ ಹಿಡಿದ ಅಳತೆಪಟ್ಟಿ. ಕಿರಣ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವನು ಬಂದು ನೋಡಿದಾಗ ಆಸರೆ ಆಗಲೇ ಇರಲಿಲ್ಲ.

ಚಂದ್ರಪ್ರಭಾ ಪ್ರತಿ ಚಿತ್ರದ ಸಮಯವನ್ನು ಪುಸ್ತಕದಲ್ಲಿ ಬರೆದುಕೊಂಡರು.

"ಈಗ ಕೊನೆಯದು," ಎಂದ ಶ್ರೀವತ್ಸ.

ಇಪ್ಪತ್ಮೂರನೆಯದು ಒಂದು ಕಾಗದದ ಚಿತ್ರ. ಸೈಟ್ ಕಚೇರಿಯ ಫೈಲನ್ನು ಬಿಡಿಸಿಟ್ಟು ತೆಗೆದದ್ದು. ಮೇಲರ್ಧದಲ್ಲಿ ಗುತ್ತಿಗೆದಾರನ ಕೋರಿಕೆ: ಒಂಬತ್ತನೆಯ ಮಹಡಿಯ ಬಾಲ್ಕನಿಯ ಜಾಕಿಗಳನ್ನು ತೆಗೆಯಲು ಒಪ್ಪಿಗೆ ಬೇಕು. ಕಾಂಕ್ರೀಟ್ ಹಾಕಿದ ದಿನ ಸೆಪ್ಟೆಂಬರ್ ನಾಲ್ಕು, ಕೋರಿಕೆಯ ದಿನ ಒಂಬತ್ತು. ಕೆಳಗೆ ಒಪ್ಪಿಗೆಯ ಜಾಗದಲ್ಲಿ ನೀಲಿ ಶಾಯಿಯ ಸಹಿ. ಕಿರಣ್‌ನದು.

ಫೈಲು ಏಕೆ ಕಾಣೆಯಾಯಿತು ಎಂಬುದು ಚಂದ್ರಪ್ರಭಾಗೆ ಈಗ ತಿಳಿಯಿತು. ಐದು ದಿನಕ್ಕೇ ಜಾಕಿ ತೆಗೆಯಲು ಕೇಳಿದವನು ತಾನೇ ಎಂಬ ಸಾಕ್ಷಿ ಗುತ್ತಿಗೆದಾರನಿಗೆ ಬೇಕಿರಲಿಲ್ಲ. ಕಾಗದ ಹೋಗಿ ಉಳಿದದ್ದು ಈ ಚಿತ್ರವೊಂದೇ.

"ಕಾರ್ಡ್ ಕೊಟ್ಟರೆ ಇಡೀ ಕಾರ್ಡು ಲ್ಯಾಬಿಗೆ ಹೋಗುತ್ತೆ," ಎಂದ ಶ್ರೀವತ್ಸ. "ಇಪ್ಪತ್ತೆರಡು ಕೊಟ್ಟು ಒಂದನ್ನ ಇಟ್ಕೊಳ್ಳೋಕಾಗಲ್ಲ. ಅಳಿಸಿದರೂ ಗೊತ್ತಾಗುತ್ತೆ. ಯಾರೂ ಕೇಳಿಲ್ಲ ಅಂತ ಅವನು ಹೇಳಿಕೆ ಕೊಟ್ಟಿದ್ದಾನೆ. ಕೇಳಿದ್ದೂ ಇಲ್ಲಿದೆ, ಒಪ್ಪಿದ್ದೂ ಇಲ್ಲಿದೆ. ಇದನ್ನ ಕೋರ್ಟಿಗೆ ಕೊಟ್ಟರೆ ಬೇಲಲ್ಲ, ಶಿಕ್ಷೆ."

ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಒಂದು ಸಂಗತಿ ಚಂದ್ರಪ್ರಭಾಗೆ ಹೊಂದಿಕೆಯಾಗಲಿಲ್ಲ. ಸ್ವಂತ ಸಹಿಯ ಕಾಗದವನ್ನು ಕಿರಣ್ ಫೋಟೋ ತೆಗೆದು ಇಟ್ಟುಕೊಂಡದ್ದೇಕೆ? ತಪ್ಪು ತನ್ನದಾಗಿದ್ದರೆ ಕಾರ್ಡನ್ನು ಮುರಿದು ಎಸೆಯುತ್ತಿದ್ದ. ತನ್ನದಲ್ಲವಾಗಿದ್ದರೆ ಮೊದಲ ದಿನವೇ ಪೊಲೀಸರ ಕೈಗಿಡುತ್ತಿದ್ದ. ಅವನು ಎರಡನ್ನೂ ಮಾಡದೆ ಗೋಡೆಯೊಳಗೆ ಇಟ್ಟು ಮುಚ್ಚಿದ್ದ.

ಧಾರಿಣಿ ಲ್ಯಾಪ್‌ಟಾಪಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡಳು.

"ಇದು ಅವರ ಸಹಿ ಅಲ್ಲ," ಎಂದಳು.

ಶ್ರೀವತ್ಸ ಒಪ್ಪದೆ ತಲೆಯಾಡಿಸಿದ. ಬಳಗದ ರಸೀದಿಗಳಲ್ಲಿ ಆ ಸಹಿಯನ್ನು ಅವನು ಎಷ್ಟೋ ಸಲ ನೋಡಿದ್ದ. "ಕ ಬರೆಯೋ ರೀತಿ, ಕೊನೇ ಗೆರೆ, ಎಲ್ಲಾ ಅವನದೇ, ಧಾರಿಣಿ."

"ನಾನು ಹಾಕಿದ್ದು."

ಕೆಳಗೆ ರಸ್ತೆಯಲ್ಲಿ ತರಕಾರಿಯವನು ಮಟರ್, ಗೋಭಿ ಎಂದು ಕೂಗುತ್ತ ಹೋದ. ಅವನ ದನಿ ತಿರುವಿನಾಚೆ ಕರಗಿತು.

ನಂತರದ್ದನ್ನು ಧಾರಿಣಿ ತಾನು ಕೆಲಸ ಮಾಡುವ ಸಚಿವಾಲಯದ ಟಿಪ್ಪಣಿ ಓದಿದಂತೆ ಹೇಳಿದಳು. ಸೆಪ್ಟೆಂಬರ್ ಒಂಬತ್ತು, ಮಂಗಳವಾರ. ಕಿರಣ್‌ಗೆ ನೂರಾಮೂರು ಜ್ವರ, ಮಾತ್ರೆ ನುಂಗಿ ಮಲಗಿದ್ದ; ಅವಳು ರಜೆ ಹಾಕಿ ಮನೆಯಲ್ಲಿದ್ದಳು. ಹನ್ನೊಂದು ಗಂಟೆಗೆ ಗುತ್ತಿಗೆದಾರನ ಮನುಷ್ಯ ಬಾಗಿಲಿಗೆ ಬಂದ. ಸಾಹೇಬರ ಸಹಿ ಬೇಕು, ಅರ್ಜೆಂಟ್ ಎಂದ. ಅವಳು ಎಬ್ಬಿಸಲಿಲ್ಲ. ಅವನ ಪಾರ್ಸಲ್ಲಿಗೆ, ಬ್ಯಾಂಕಿನ ಲಕೋಟೆಗೆ ಅವಳು ಅದೇ ಸಹಿ ಹಾಕುವುದು ವರ್ಷಗಳಿಂದ ನಡೆದು ಬಂದಿತ್ತು. ಅಂದೂ ಹಾಕಿ ಕೊಟ್ಟಳು.

"ಹನ್ನೊಂದನೇ ತಾರೀಖು ಅವರು ಫೈಲಿನಲ್ಲಿ ಇದನ್ನ ನೋಡಿದ್ದಾರೆ," ಎಂದಳು. "ಸಂಜೆ ಮನೆಗೆ ಬಂದರು. ನನ್ನನ್ನ ಏನೂ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ಜೈಲಿನಲ್ಲೂ ಕೇಳಲಿಲ್ಲ."

ಕಿರಣ್ ಬಾಯಿ ಬಿಡದ ಎಪ್ಪತ್ತೆರಡು ದಿನಗಳಿಗೆ ಕಾರಣ ಚಂದ್ರಪ್ರಭಾ ಎದುರಿಗೆ ಕುಳಿತಿತ್ತು. ಕಾರ್ಡ್ ಹೊರಬಂದರೆ ಅವನು ಉಳಿಯಬಹುದು, ಸಹಿ ತನ್ನದಲ್ಲವೆಂದು ಹೇಳಿದರೆ. ಹೇಳಿದ ಮರುಗಳಿಗೆ ಪೊಲೀಸರು ಮತ್ತಾರದೆಂದು ಕೇಳುತ್ತಾರೆ.

ಶ್ರೀವತ್ಸ ಕಾರ್ಡನ್ನು ಲ್ಯಾಪ್‌ಟಾಪಿನಿಂದ ಹೊರಗೆ ತೆಗೆದ. ಯಾರಿಗೆ ಕೊಡಬೇಕೆಂದು ತಿಳಿಯದೆ ಮೇಜಿನ ನಡುವೆ ಇಟ್ಟ. ಧಾರಿಣಿ ಅದರತ್ತ ಕೈ ಚಾಚಿದಳು. ಚಂದ್ರಪ್ರಭಾ ಅವಳಿಗಿಂತ ಮೊದಲು ಅದರ ಮೇಲೆ ಅಂಗೈ ಇಟ್ಟರು.

"ಕೊಡಿ ಮೇಡಂ. ನಾಳೆ ನಾನೇ ವಕೀಲರಿಗೆ ಕೊಟ್ಟು, ನನ್ನ ಸಹಿ ಅಂತ ಹೇಳ್ತೀನಿ. ಗೊತ್ತಿಲ್ಲದೆ ಹಾಕಿದ್ದಕ್ಕೆ ಏನಾಗುತ್ತೋ ಆಗಲಿ. ಅವರು ಹೊರಗೆ ಬರಲಿ."

ಚಂದ್ರಪ್ರಭಾ ಕೈ ತೆಗೆಯಲಿಲ್ಲ. ಇಪ್ಪತ್ತೆಂಟು ವರ್ಷ ಅವರು ಪ್ರತಿ ನಷ್ಟದ ಹೇಳಿಕೆ ಪಡೆಯುವಾಗಲೂ ಕೊನೆಗೊಂದು ಪ್ರಶ್ನೆ ಕೇಳುತ್ತಿದ್ದರು. ಈಗಲೂ ಕೇಳಿದರು, ಅದೇ ದನಿಯಲ್ಲಿ.

"ನೀವು ಸಚಿವಾಲಯದಲ್ಲಿ ಫೈಲು ನೋಡುವವರು, ಧಾರಿಣಿ. ಸಹಿ ಹಾಕುವ ಮೊದಲು ಕಾಗದ ಓದಿದ್ದಿರಾ?"

ಧಾರಿಣಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಶ್ರೀವತ್ಸನ ಕಡೆ ನೋಡಿದಳು, ಮತ್ತೆ ಚಂದ್ರಪ್ರಭಾ ಕಡೆ.

"ಓದಿದ್ದೆ," ಎಂದಳು.